‘ಕಸ್ಟಮೈಸ್’, ‘ಸೆಟ್ಟಿಂಗ್ಸ್’ಗೆ ಕನ್ನಡದಲ್ಲಿ ಏನನ್ನೋಣ? (ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ. ಪಿಯು ಮಕ್ಕಳಿಗೆ ವಿಎಸ್ ಕೋಡ್ (ಪ್ರೋಗ್ರಾಂ ಬರೆಯುವ ತಂತ್ರಾಂಶ) ಬಗ್ಗೆ ಎರಡು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಸಂಜೆ ಜೆರಾಕ್ಸ್‌ಗೆ ಕೊಡಬೇಕು. ಕಂಟ್ರೋಲ್ ಜೊತೆ ಅಲ್ಪವಿರಾಮದ ಕೀ ಒತ್ತಿದರೆ ಒಂದು ಪುಟ ತೆರೆಯುತ್ತದಲ್ಲ, ಅದಕ್ಕೆ ಏನು ಹೆಸರಿಡಲಿ? ಅಕ್ಷರದ ಗಾತ್ರ, ಟ್ಯಾಬ್ ಕೀ ಬಿಡುವ ಜಾಗದ ಅಗಲ ಇವನ್ನೆಲ್ಲ ಬೇಕಾದ ಹಾಗೆ ಮಾಡಿಕೊಳ್ಳುವುದಕ್ಕೆ ‘ಗ್ರಾಹಕೀಕರಣ’ ಅಂತ ಒಂದು ಕಡೆ ಓದಿದೆ. ಇಲ್ಲಿ ಗ್ರಾಹಕ ಎಲ್ಲಿಂದ ಬಂದ?

ಇನ್ನೊಂದು ತೊಡಕು. ಅಲ್ಲಿ ಎರಡು ಬಗೆ ಇದೆ. ಯೂಸರ್ ಸೆಟ್ಟಿಂಗ್ ನಮ್ಮ ಎಲ್ಲ ಕೆಲಸಕ್ಕೂ. ವರ್ಕ್‌ಸ್ಪೇಸ್ ಸೆಟ್ಟಿಂಗ್ ತೆರೆದ ಆ ಫೋಲ್ಡರಿಗೆ ಮಾತ್ರ. ಒಂದರಲ್ಲಿ ಟ್ಯಾಬ್ 4, ಇನ್ನೊಂದರಲ್ಲಿ 2 ಇದ್ದರೆ ಫೋಲ್ಡರಿನದೇ ನಡೆಯುತ್ತದೆ. ಇದು ಹೆಸರಿನಲ್ಲೇ ಗೊತ್ತಾಗಬೇಕು.

---

‘ಗ್ರಾಹಕೀಕರಣ’ ಕಸದ ಬುಟ್ಟಿಗೆ. ಕಸ್ಟಮರ್ ಅಂತ ಓದಿಕೊಂಡವರು ಕಟ್ಟಿದ ಪದ. ಸೆಟ್ಟಿಂಗ್‌ಗೆ ‘ಹೊಂದಿಕೆ’, ಕಸ್ಟಮೈಸ್‌ಗೆ ‘ಒಗ್ಗಿಸು’. ಹಳಗನ್ನಡದ ‘ಪೊಂದು’ ಆಮೇಲೆ ‘ಹೊಂದು’ ಆಯಿತು, ಪಾಲು ಹಾಲಾದ ಹಾಗೆ. ಮನೆಯಲ್ಲೇ ಇರುವಾಗ ಸಾಲ ಯಾಕೆ?

---

‘ಹೊಂದಿಕೆ’ ಆಗಲ್ಲ. ‘ಈ ಆಪ್ ನಿಮ್ಮ ಫೋನಿಗೆ ಹೊಂದಿಕೆಯಾಗುವುದಿಲ್ಲ’ ಅಂತ ಆಗಲೇ ಬಳಕೆಯಲ್ಲಿದೆ. ಒಂದೇ ಪದ ಎರಡೂ ಕಡೆ ಬಂದರೆ ಹುಡುಗರು ಏನಂತ ತಿಳಿಯಬೇಕು? ಇನ್ನು ಒಗ್ಗುವುದು ಊರಿನ ನೀರು, ಹವೆ. ಆಂಡ್ರಾಯ್ಡ್ ಫೋನನ್ನು ಕನ್ನಡಕ್ಕೆ ಹಾಕಿದರೂ ‘ಸೆಟ್ಟಿಂಗ್‌ಗಳು’ ಅಂತಲೇ ಇದೆ. ಸುಮ್ನೆ ಹಾಗೇ ಬರೆಯಿರಿ ಮೇಡಂ.

---

ಫೋನಿನ ಕಂಪನಿ ಬರೆದದ್ದೇ ಕನ್ನಡವಾ? ಹೀಗೇ ಹೋದರೆ ನಮ್ಮದು ಅಂತ ಉಳಿಯುವುದು ‘ಮಾಡು’ ಒಂದೇ. ಸೆಟ್ ಮಾಡು, ಸೇವ್ ಮಾಡು, ಓಪನ್ ಮಾಡು, ಕ್ಲೋಸ್ ಮಾಡು.

---

ಅರ್ಜಿ, ಕುರ್ಚಿ, ಕಚೇರಿ ಎಲ್ಲ ಹೊರಗಿನವೇ. ಮೊದಲು ಅವನ್ನು ಹೊರಹಾಕಿ ಬನ್ನಿ, ಆಮೇಲೆ ಸೆಟ್ಟಿಂಗ್ ವಿಚಾರ.

---

ಅವು ಬಂದಾಗ ಯಾರೂ ಕೇಳಲಿಲ್ಲ. ಈಗ ಕೇಳುತ್ತಿದ್ದೇವೆ.

---

ಸರ್, ನಿಮ್ಮಿಬ್ಬರ ಜಗಳ ಮುಗಿಯುವಷ್ಟರಲ್ಲಿ ಜೆರಾಕ್ಸ್ ಅಂಗಡಿ ಮುಚ್ಚುತ್ತದೆ. ಪುಟಕ್ಕೆ ‘ಸೆಟ್ಟಿಂಗ್ಸ್’ ಅಂತಲೇ ಇಟ್ಟೆ. ಪರದೆಯ ಮೇಲೆ ಮಕ್ಕಳು ಹುಡುಕಬೇಕಾದದ್ದು ಅದೇ ಹೆಸರನ್ನು. ಕಸ್ಟಮೈಸ್‌ಗೆ ‘ಬೇಕಾದ ಹಾಗೆ ಹೊಂದಿಸಿಕೊಳ್ಳಿ’. ಎರಡು ಬಗೆಗೆ ‘ನಿಮ್ಮ ಸೆಟ್ಟಿಂಗ್’, ‘ಫೋಲ್ಡರಿನ ಸೆಟ್ಟಿಂಗ್’. ಕೊನೆಯದೊಂದು: ವರ್ಡ್ ರ‍್ಯಾಪ್. ಉದ್ದದ ಸಾಲು ಪೂರ್ತಿ ಪರದೆಯೊಳಗೇ ಕಾಣುವ ಹಾಗೆ ಮಾಡುವುದು. ಮೊದಲಿಗೆ ಅದು ಆಫ್ ಇರುತ್ತದೆ, ಉದ್ದದ ಸಾಲು ಬಲಕ್ಕೆ ಹೋಗಿಬಿಡುತ್ತದೆ. ‘ಸಾಲು ಮಡಿಸು’ ಸರಿಯಾ?

---

ಬೇಡ. ಮಡಿಸುವುದು ಅಲ್ಲಿ ಬೇರೆಯೇ ಇದೆ, ಕೋಡಿನ ಒಂದು ಭಾಗವನ್ನು ಮುಚ್ಚಿಡುವುದು. ‘ಸಾಲು ಮುರಿ’ ಅನ್ನಿ.

---

ಮುರಿ ಅಂದರೆ ಫೈಲಿನಲ್ಲೂ ಸಾಲು ಮುರಿಯಿತು ಅಂದುಕೊಳ್ಳುತ್ತಾರೆ. ಫೈಲಿನಲ್ಲಿ ಅದು ಒಂದೇ ಸಾಲು, ಕಣ್ಣಿಗೆ ಮಾತ್ರ ಕೆಳಗಿಳಿದಂತೆ ಕಾಣುತ್ತದೆ. ‘ಸಾಲು ಇಳಿಸು’.

---

ಇದಾದರೆ ಒಪ್ಪಿದೆ. ‘ಒಗ್ಗಿಸು’ ಮಾತ್ರ ಒಪ್ಪಲ್ಲ.