ಸೀಮೌಂಟ್ ಮೇಲೆ ಹಸಿರಿಲ್ಲ, ಆದರೂ ಮೀನಿದೆ: ಹೇಗೆ?

ನೀಲಿಗೆರೆ: ಪ್ರವಾಹ ಸೀಮೌಂಟ್‌ಗೆ, ಅಂದರೆ ಕಡಲಾಳದ ಬೆಟ್ಟಕ್ಕೆ ಬಡಿದು ಪೋಷಕಾಂಶ ಮೇಲೇಳುತ್ತದೆ, ಅದರಿಂದ ಸಸ್ಯಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು), ಆಮೇಲೆ ಮೀನು ಎಂದು ಎಲ್ಲೆಡೆ ಬರೆದಿರುತ್ತಾರೆ. ಉಪಗ್ರಹದ ಕ್ಲೋರೋಫಿಲ್ ನಕ್ಷೆಯಲ್ಲಿ ಮಾತ್ರ ಬಹಳಷ್ಟು ಬೆಟ್ಟಗಳ ಮೇಲೆ ಏನೂ ಕಾಣುವುದಿಲ್ಲ. ತುದಿ 1,500 ಮೀಟರ್ ಆಳದಲ್ಲಿದ್ದರೆ ಪರಿಣಾಮ ಮೇಲ್ಮೈ ಮುಟ್ಟುತ್ತದೆಯೇ?

ಸುಳಿನೀರು: ಸಾಮಾನ್ಯವಾಗಿ ಮುಟ್ಟುವುದಿಲ್ಲ. ಭೂಮಿ ತಿರುಗುವುದರಿಂದ ನಿಧಾನದ ಪ್ರವಾಹ ಬೆಟ್ಟ ಹತ್ತುವ ಬದಲು ಬಳಸಿಕೊಂಡು ಹೋಗುತ್ತದೆ. ತುದಿಯ ಮೇಲಿನ ನೀರು ಅಲ್ಲೇ ಸುತ್ತುತ್ತದೆ, ಉತ್ತರಾರ್ಧಗೋಳದಲ್ಲಿ ಪ್ರದಕ್ಷಿಣೆಯಾಗಿ. ಭೌತವಿಜ್ಞಾನಿ ಜಿ. ಐ. ಟೇಲರ್ 1923ರಲ್ಲಿ ತಿರುಗುವ ತೊಟ್ಟಿಯಲ್ಲಿ ತೋರಿಸಿದ ನೀರಿನ ಕಂಬವೇ ಇದು. ಆದರೆ ಕಡಲಿನ ನೀರು ಪದರಪದರವಾಗಿರುವುದರಿಂದ ಕಂಬ ಗಿಡ್ಡವಾಗಿ ಬರೀ ಟೊಪ್ಪಿಯಾಗುತ್ತದೆ. ಅದರ ಎತ್ತರದ ಅಂದಾಜಿಗೆ ಕೊರಿಯೊಲಿಸ್ ಅಂಕವನ್ನು (ಆ ಅಕ್ಷಾಂಶದಲ್ಲಿ ಭೂಮಿಯ ತಿರುಗುವಿಕೆಯ ಪ್ರಭಾವದ ಅಳತೆ) ಬೆಟ್ಟದ ತ್ರಿಜ್ಯದಿಂದ ಗುಣಿಸಿ, ಪದರಗಳ ತೇಲುವಿಕೆಯ ಆವರ್ತಾಂಕದಿಂದ (ಪದರಗಳು ಎಷ್ಟು ಗಟ್ಟಿಯಾಗಿ ಬೇರ್ಪಟ್ಟಿವೆ ಎಂಬುದರ ಅಳತೆ) ಭಾಗಿಸಿ. ತ್ರಿಜ್ಯ 20 ಕಿ.ಮೀ. ಇದ್ದರೆ 45 ಡಿಗ್ರಿ ಅಕ್ಷಾಂಶದಲ್ಲಿ 0.0001 × 20,000 ÷ 0.002, ಅಂದರೆ 1,000 ಮೀಟರ್. ಅದೇ ಬೆಟ್ಟ 10 ಡಿಗ್ರಿಯಲ್ಲಿದ್ದರೆ 250 ಮೀಟರ್ ಅಷ್ಟೇ. ಬೆಳಕಿರುವ ಮೇಲಿನ 200 ಮೀಟರ್‌ಗೆ ಎರಡೂ ತಲುಪಲಿಲ್ಲ. ಪ್ರವಾಹ ಜೋರಾದರೆ ಟೊಪ್ಪಿಯೂ ಕೊಚ್ಚಿಹೋಗುತ್ತದೆ.

ಹವಳದಿಬ್ಬ: ಸಮಯವನ್ನೂ ಲೆಕ್ಕ ಹಾಕಿ. ಸೆಕೆಂಡಿಗೆ 10 ಸೆಂಟಿಮೀಟರ್ ಹರಿವು 40 ಕಿ.ಮೀ. ದಾಟಲು ನಾಲ್ಕೂವರೆ ದಿನ ಸಾಕು. ಅಷ್ಟರಲ್ಲಿ ಸಸ್ಯಪ್ಲವಕ ಹೆಚ್ಚಬಹುದು, ಅದನ್ನು ತಿನ್ನುವ ಕೋಪೆಪಾಡ್ ಎಂಬ ಪುಟ್ಟ ಪ್ರಾಣಿ ಬೆಳೆಯಲು ವಾರಗಳೇ ಬೇಕು. ಹಾಗಾಗಿ ಊಟ ಹೊರಗಿನಿಂದಲೇ ಬರಬೇಕು. ರಾತ್ರಿ ಮೇಲೆ ಬಂದ ಪ್ರಾಣಿಪ್ಲವಕ ತೇಲುತ್ತಾ ಬೆಟ್ಟದ ಮೇಲಕ್ಕೆ ಬರುತ್ತದೆ. ಬೆಳಗಾದಾಗ 400–600 ಮೀಟರ್‌ಗೆ ಇಳಿಯಬೇಕು, ತುದಿ 250ರಲ್ಲೇ ಅಡ್ಡ ಬಂದರೆ ಬೆಳಕಿನಲ್ಲೇ ಸಿಕ್ಕಿಬೀಳುತ್ತದೆ. ಕಾದಿದ್ದ ಮೀನಿಗೆ ಹಬ್ಬ.

ನಿಮ್ಮ 1,500 ಮೀಟರ್ ತುದಿಯಲ್ಲಿ ಈ ಬಲೆ ಕೆಲಸ ಮಾಡುವುದಿಲ್ಲ. ಅಲ್ಲಿ ನೋಡಬೇಕಾದ್ದು ಬಂಡೆಯ ಅಂಚು. ಹರಿವು ಬಿರುಸಾಗಿ ಹೂಳು ತೊಳೆದ ಕಡೆ ಹವಳ, ಸ್ಪಂಜು ಅಂಟಿಕೊಂಡು ತೇಲಿಬಂದ ಕಣ ಹಿಡಿಯುತ್ತವೆ. ಹೂಳು ತುಂಬಿದ ತಗ್ಗಿನಲ್ಲಿ ಅವು ವಿರಳ. ಇಂಥ ಬೆಟ್ಟಗಳ ಮೇಲೆ ಸೇರುವ ಆರೆಂಜ್ ರಫಿ ನೂರು ವರ್ಷ ಮೀರಿ ಬದುಕುವ ಮೀನು. ಒಮ್ಮೆ ಟ್ರಾಲ್ ಬಲೆ ಎಳೆದರೆ ದಶಕಗಳಾದರೂ ಚೇತರಿಸಿಕೊಳ್ಳುವುದು ಕಷ್ಟ.

ಉಪ್ಪಳತೆ: ನಕ್ಷೆಯನ್ನೂ ಪೂರ್ತಿ ನಂಬಬೇಡಿ. ಉಪಗ್ರಹಕ್ಕೆ ಕಾಣುವುದು ಮೇಲಿನ ಕೆಲವು ಹತ್ತು ಮೀಟರ್ ಮಾತ್ರ, ತಿಳಿನೀರಿನಲ್ಲಿ ಕ್ಲೋರೋಫಿಲ್ ದಟ್ಟವಾಗಿರುವುದು ಸುಮಾರು 100 ಮೀಟರ್ ಕೆಳಗೆ. ಫ್ಲೋರೋಮೀಟರ್ (ಕ್ಲೋರೋಫಿಲ್ ಅಳೆಯುವ ಸಾಧನ) ಕಟ್ಟಿದ ಸಿಟಿಡಿಯನ್ನು (ನೀರಿನ ಉಪ್ಪು, ತಾಪ, ಆಳ ಅಳೆಯುವ ಉಪಕರಣ) ಇಳಿಸಿಯೇ ನೋಡಬೇಕು. ಒಂದೇ ಸಲ ಇಳಿಸಿ ತೀರ್ಮಾನಕ್ಕೆ ಬರಬೇಡಿ: ಉಬ್ಬರವಿಳಿತ ಇಳಿಜಾರಿಗೆ ತಾಗಿ ಎಬ್ಬಿಸುವ ಒಳ ಅಲೆಗಳು ತಣ್ಣನೆಯ ಪದರವನ್ನು ಹತ್ತಾರು ಮೀಟರ್ ಮೇಲೆ ಕೆಳಗೆ ಆಡಿಸುತ್ತವೆ, ಪದರ ಮೇಲಿದ್ದ ಗಳಿಗೆಯಲ್ಲಿ ಅಳೆದರೆ ಅದೇ ಪೋಷಕಾಂಶದ ಏರಿಕೆ ಅನ್ನಿಸಿಬಿಡುತ್ತದೆ. ಒಂದೇ ಜಾಗದಲ್ಲಿ 25 ಗಂಟೆ ನಿಂತು, ಗಂಟೆಗೊಮ್ಮೆ ಇಳಿಸಿ ಸರಾಸರಿ ತೆಗೆಯಿರಿ. ಬೆಟ್ಟದಿಂದ ದೂರ, ಪ್ರವಾಹ ಬರುವ ದಿಕ್ಕಿನಲ್ಲಿ ಇನ್ನೊಂದು ಜಾಗದಲ್ಲೂ ಹೀಗೇ ಅಳೆದು ಹೋಲಿಸಿ.