ಪದಚರ್ಚೆ: ಉಕ್ಕಿನ ಅಸ್ಥಿಪಂಜರ, ಪರದೆ ಗೋಡೆ, ಮೊದಲ ಗಗನಚುಂಬಿ

ಕೇಳಿಕೆ

ಶಿಕಾಗೊದ ಹೋಮ್ ಇನ್ಶುರೆನ್ಸ್ ಕಟ್ಟಡದ ಕುರಿತು ಹೈಸ್ಕೂಲು ಮಕ್ಕಳಿಗಾಗಿ ಒಂದು ಲೇಖನ ಸಿದ್ಧವಾಗುತ್ತಿದೆ. ಕರಡಿನಲ್ಲಿರುವ ಸಾಲು ಇದು: “1885ರಲ್ಲಿ ಕಟ್ಟಿ 1931ರಲ್ಲಿ ಧ್ವಂಸ ಮಾಡಲಾದ ಈ ಹತ್ತು ಮಹಡಿಯ ಕಟ್ಟಡವೇ ಜಗತ್ತಿನ ಮೊದಲ ಗಗನಚುಂಬಿ. ಉಕ್ಕಿನ ಅಸ್ಥಿಪಂಜರವೇ ಇಡೀ ಭಾರವನ್ನು ಹೊತ್ತಿತ್ತು, ಗೋಡೆಗಳು ಬರೀ ಪರದೆಗಳಾಗಿದ್ದವು.” ‘ಅಸ್ಥಿಪಂಜರ’, ‘ಪರದೆ ಗೋಡೆ’ ಎರಡೂ ಕನ್ನಡಕ್ಕೆ ಒಗ್ಗಿದಂತೆ ಕಾಣುತ್ತಿಲ್ಲ. ‘ಧ್ವಂಸ’ ಇಲ್ಲಿ ಸರಿಯೇ? ‘ಗಗನಚುಂಬಿ’ಗೆ ಬೇರೆ ಪದವಿದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ

ನಿಮ್ಮ ಸಾಲಿನಲ್ಲಿ ಪದದ ತೊಡಕಿಗಿಂತ ವಸ್ತುವಿನ ತೊಡಕೇ ಹೆಚ್ಚು. ಆ ಕಟ್ಟಡದಲ್ಲಿ ಯಾವುದು ಯಾವುದನ್ನು ಹೊತ್ತಿತ್ತು ಎಂದು ಗೊತ್ತಾದರೆ ಪದಗಳು ತಾವಾಗಿಯೇ ಸಿಗುತ್ತವೆ.

ಮೊದಲು ‘ಉಕ್ಕಿನ’ ಎಂಬುದನ್ನು ನೋಡೋಣ. ವಾಸ್ತುಶಿಲ್ಪಿ ವಿಲಿಯಂ ಲೆ ಬ್ಯಾರನ್ ಜೆನ್ನಿ ಇಲ್ಲಿ ಬಳಸಿದ್ದು ಮೂರು ಬಗೆಯ ಲೋಹ. ಕಂಬಗಳು ಬೀಡುಕಬ್ಬಿಣದವು, ಅಂದರೆ ಎರಕ ಹೊಯ್ದವು. ಕೆಳಗಿನ ಅಂತಸ್ತುಗಳ ತೊಲೆಗಳು ಮೆದುಕಬ್ಬಿಣದವು. ಕೆಲಸ ನಡೆದಿರುವಾಗಲೇ ಪಿಟ್ಸ್‌ಬರ್ಗಿನ ಕಾರ್ನೆಗಿ ಕಾರ್ಖಾನೆಯ, ಬೆಸಿಮರ್ ವಿಧಾನದಲ್ಲಿ ತಯಾರಾದ ಉಕ್ಕಿನ ತೊಲೆಗಳು ಸಿಕ್ಕಿದ್ದರಿಂದ, ಮಾಲೀಕ ಕಂಪನಿಯ ಒಪ್ಪಿಗೆ ಪಡೆದು ಆರನೆಯ ಅಂತಸ್ತಿನಿಂದ ಮೇಲಕ್ಕೆ ಅವನ್ನು ಹಾಕಿದರು. ಹೀಗಾಗಿ ಉಕ್ಕು ಇದ್ದದ್ದು ಮೇಲುಭಾಗದ ತೊಲೆಗಳಲ್ಲಿ ಮಾತ್ರ. ಈ ಮೂರನ್ನೂ ಒಟ್ಟಿಗೆ ‘ಲೋಹದ ಹಂದರ’ ಎನ್ನಿ. ಬಿಡಿಸಿ ಹೇಳುವಾಗ ‘ಬೀಡಿನ ಕಂಬ’, ‘ಮೆದುಕಬ್ಬಿಣದ ತೊಲೆ’, ‘ಉಕ್ಕಿನ ತೊಲೆ’ ಎಂದು ಬೇರೆಬೇರೆಯಾಗಿಯೇ ಬರೆಯಿರಿ. ಇದು ಹಟದ ಮಾತಲ್ಲ. ಬೀಡು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತಕ್ಕೆ ಮುರಿಯುತ್ತದೆ. ಆದ್ದರಿಂದ ಕಂಬಕ್ಕೆ ಸರಿ, ತೊಲೆಗೆ ಅಪಾಯ. ತೊಲೆ ಬಾಗಿದಾಗ ಅದರ ತಳ ಎಳೆತಕ್ಕೆ ಸಿಗುತ್ತದೆ, ಅಲ್ಲಿ ಮೆದುಕಬ್ಬಿಣವೋ ಉಕ್ಕೋ ಬೇಕು. ಎಲ್ಲವನ್ನೂ ‘ಉಕ್ಕು’ ಎಂದುಬಿಟ್ಟರೆ ಈ ತಿಳಿವಳಿಕೆಯೇ ಓದುಗರ ಕೈತಪ್ಪುತ್ತದೆ.

‘ಅಸ್ಥಿಪಂಜರ’ ಎಂದೊಡನೆ ಮಕ್ಕಳ ಕಣ್ಣಿಗೆ ಬರುವುದು ಪ್ರಯೋಗಾಲಯದ ಬುರುಡೆ. ‘ಚೌಕಟ್ಟು’ ಎಂದರೆ ಬಾಗಿಲು, ಕಿಟಕಿಯದು. ಕಂಬ ನೆಟ್ಟು, ಅಡ್ಡ ಕಟ್ಟಿ, ಆಮೇಲೆ ಮೇಲೆ ಹೊದಿಸುವ ರಚನೆಗೆ ‘ಹಂದರ’ ಎಂಬ ಒಳ್ಳೆಯ ಮಾತು ಕನ್ನಡದಲ್ಲಿ ಮೊದಲಿನಿಂದಲೂ ಇದೆ. ನಮ್ಮ ಮೇಸ್ತ್ರಿಗಳು ‘ಪಿಲ್ಲರ್ ಹಾಕಿ ಕಟ್ಟಿದ್ದು’, ‘ಲೋಡ್ ಬೇರಿಂಗ್’ ಎಂದು ಎರಡು ಬಗೆ ಮಾಡುತ್ತಾರಲ್ಲ, ಅದೇ ಭೇದ ಇಲ್ಲಿಯದು. ಮಕ್ಕಳ ಬರಹದಲ್ಲಿ ‘ಪಿಲ್ಲರ್ ಕಟ್ಟಡ’ ಎಂದು ಒಮ್ಮೆ ಹೇಳಿ, ಮುಂದೆ ‘ಹಂದರ’ ಬಳಸಿದರೆ ಯಾರಿಗೂ ಗೊಂದಲವಾಗದು.

ಈಗ ಗೋಡೆ. ನಿಜವಾದ ಚರ್ಚೆ ಇರುವುದು ಇಲ್ಲೇ.

‘ಭಾರ ಹೊರುವ ಗೋಡೆ’ಗೆ ಶಿಕಾಗೊದಲ್ಲೇ ಇಂದಿಗೂ ನಿಂತಿರುವ ಉದಾಹರಣೆ ಮೊನಾಡ್ನಾಕ್ ಕಟ್ಟಡದ ಉತ್ತರಾರ್ಧ. 1891ರದು, 16 ಅಂತಸ್ತು, ಬುಡದಲ್ಲಿ ಗೋಡೆಯ ದಪ್ಪ 6 ಅಡಿ. ಎತ್ತರ ಹೆಚ್ಚಿದಷ್ಟೂ ಕೆಳಗಿನ ಗೋಡೆ ದಪ್ಪವಾಗಬೇಕು. ದಪ್ಪವಾದಷ್ಟೂ ಬಾಡಿಗೆಗೆ ಕೊಡುವ ಜಾಗ ಕಿರಿದಾಗುತ್ತದೆ, ಕಿಟಕಿ ಸಣ್ಣದಾಗುತ್ತದೆ, ಶಿಕಾಗೊದ ಮೆತ್ತನೆಯ ಜೇಡಿ ನೆಲದಲ್ಲಿ ಕಟ್ಟಡ ಕೆಳಕ್ಕೆ ಇಳಿಯುತ್ತದೆ. ಇದರ ಎದುರು ತುದಿ ಇಂದಿನ ಗಾಜಿನ ಕಟ್ಟಡ: ಅದರ ಹೊರಮೈ ತನ್ನ ಭಾರವನ್ನೂ ತಾನು ಹೊರುವುದಿಲ್ಲ, ಪ್ರತಿ ಅಂತಸ್ತಿನಲ್ಲೂ ಹಂದರಕ್ಕೆ ಸಿಕ್ಕಿಸಿರುತ್ತದೆ. ಇದನ್ನು ‘ಪರದೆ ಗೋಡೆ’ ಎಂದರೆ ಕೋಣೆಯ ನಡುವಿನ ಅಡ್ಡತಡಿಕೆ ಎಂದು ತಿಳಿಯುವವರೇ ಹೆಚ್ಚು. ‘ಹೊದಿಕೆ ಗೋಡೆ’ ವಾಸಿ.

ಆದರೆ ಹೋಮ್ ಇನ್ಶುರೆನ್ಸ್ ಕಟ್ಟಡದ ಗೋಡೆ ಈ ಎರಡರಲ್ಲಿ ಒಂದಕ್ಕೂ ಪೂರ್ತಿ ಸೇರುವುದಿಲ್ಲ. ಪ್ರತಿ ಕಚೇರಿಗೂ ಬೆಳಕು ಬೇಕೆಂದು ವಿಮಾ ಕಂಪನಿ ಬಯಸಿತ್ತು. ಕಿಟಕಿ ಅಗಲವಾದರೆ ಅವುಗಳ ನಡುವಿನ ಇಟ್ಟಿಗೆ ಕಂಬಗಳು ಕಿರಿದಾಗುತ್ತವೆ, ಮೇಲಿನ ಭಾರ ತಾಳವು. ಆದ್ದರಿಂದ ಜೆನ್ನಿ ಆ ಇಟ್ಟಿಗೆ ಕಂಬಗಳ ಒಳಗೇ ಬೀಡಿನ ಕಂಬ ನಿಲ್ಲಿಸಿದರು. ಆಗ ಹೊಸ ತೊಂದರೆ ಎದುರಾಯಿತು. ಬಿಸಿಗೆ ಕಬ್ಬಿಣ ಹಿಗ್ಗುವಷ್ಟು ಇಟ್ಟಿಗೆ ಹಿಗ್ಗುವುದಿಲ್ಲ. 42 ಮೀಟರ್ ಎತ್ತರದ ಬೀಡಿನ ಕಂಬ 30 ಡಿಗ್ರಿ ಸೆಲ್ಸಿಯಸ್ ಏರಿಳಿತಕ್ಕೆ ಸುಮಾರು 14 ಮಿಲಿಮೀಟರ್ ಉದ್ದವಾಗುತ್ತದೆ, ಇಟ್ಟಿಗೆ ಗೋಡೆ ಅದರ ಅರ್ಧದಷ್ಟು. ಎರಡನ್ನೂ ಬುಡದಿಂದ ತುದಿಯವರೆಗೆ ಒಂದೇ ಸಮ ಕಟ್ಟಿದರೆ ಗೋಡೆ ಬಿರುಕು ಬಿಡಬೇಕು. ಅದಕ್ಕಾಗಿ ಒಂದೊಂದು ಅಂತಸ್ತಿನ ಗೋಡೆಯನ್ನೂ ಅಲ್ಲಲ್ಲೇ ಹಂದರದ ಮೇಲೆ ಕೂರಿಸಿದರು. ವ್ಯತ್ಯಾಸ ಹತ್ತು ಕಡೆ ಹಂಚಿಹೋಯಿತು. ಈ ಉಪಾಯವೇ ಆ ಕಟ್ಟಡದ ಹೆಗ್ಗಳಿಕೆ. ಕಂಬವನ್ನು ಇಟ್ಟಿಗೆ ಸುತ್ತುವರಿದಿದ್ದರಿಂದ ಬೆಂಕಿಯ ರಕ್ಷಣೆಯೂ ಸಿಕ್ಕಿತು. ಕಾದ ಬೀಡಿನ ಮೇಲೆ ನೀರು ಬಿದ್ದರೆ ಸೀಳುತ್ತದೆ ಎಂಬುದನ್ನು 1871ರ ಮಹಾ ಅಗ್ನಿ ಅನಾಹುತ ಕಂಡ ಊರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಷ್ಟಾದರೂ ಬುಡದ ಗ್ರಾನೈಟ್ ಕಂಬಗಳು ನೇರವಾಗಿ ಭಾರ ಹೊತ್ತಿದ್ದವು. ಪಕ್ಕದ ನಿವೇಶನಗಳ ಕಡೆಗಿದ್ದ ಗೋಡೆಗಳು ಗಟ್ಟಿ ಇಟ್ಟಿಗೆಯವು, ಅವೂ ಹೊತ್ತಿದ್ದವು. ಗಾಳಿಯ ತಳ್ಳಿಕೆಯನ್ನು ತಡೆದದ್ದಂತೂ ಬಹುಪಾಲು ಇಟ್ಟಿಗೆ, ಕಲ್ಲುಗಳೇ: ಬೀಡಿನ ಕಂಬಕ್ಕೆ ತೊಲೆಯನ್ನು ಬೋಲ್ಟಿನಿಂದ ಜೋಡಿಸಿದರೆ ಸಂದಿಯಲ್ಲಿ ಸಡಿಲ ಉಳಿಯುತ್ತದೆ, ರಿವೆಟ್ ಹೊಡೆದ ಉಕ್ಕಿನ ಜೋಡಣೆಯ ಬಿಗಿ ಅದಕ್ಕಿಲ್ಲ. ಆದ್ದರಿಂದ ‘ಗೋಡೆಗಳು ಬರೀ ಪರದೆ’ ಎಂಬುದು ತಪ್ಪು. ಬೀದಿ ಬದಿಯ ಗೋಡೆಗೆ ‘ಹಂದರ ಹೊತ್ತ ಗೋಡೆ’ ಎನ್ನಬಹುದು. ಗೋಡೆ ಹಂದರವನ್ನು ಹೊತ್ತಿತೋ ಹಂದರ ಗೋಡೆಯನ್ನು ಹೊತ್ತಿತೋ ಎಂಬ ಅನುಮಾನ ಬರಬಾರದೆಂದರೆ ‘ಹಂದರದ ಮೇಲೆ ಕೂತ ಗೋಡೆ’ ಎಂದು ಬಿಡಿಸಿ ಬರೆಯಿರಿ.

ಮತ್ತೊಂದು ಉತ್ತರ

ಮೇಲಿನವರು ಗೋಡೆಯ ವಿಷಯ ಸೊಗಸಾಗಿ ಬಿಡಿಸಿದ್ದಾರೆ. ಉಳಿದ ಪದಗಳ ಬಗ್ಗೆ ಕೆಲವು ಮಾತು.

‘ಹತ್ತು ಮಹಡಿ’ ಬೇಡ, ‘ಹತ್ತು ಅಂತಸ್ತು’ ಇರಲಿ. ಅಮೆರಿಕದವರು ನೆಲದ ಅಂತಸ್ತನ್ನೇ ಒಂದು ಎಂದು ಎಣಿಸುತ್ತಾರೆ. ನಮ್ಮಲ್ಲಿ ಮೆಟ್ಟಿಲು ಹತ್ತಿದ ಮೇಲೆಯೇ ಒಂದನೇ ಮಹಡಿ. ‘ಹತ್ತು ಮಹಡಿ’ ಎಂದರೆ ನಮ್ಮವರು ಹನ್ನೊಂದು ಎಂದು ತಿಳಿಯುತ್ತಾರೆ. ಉಕ್ಕಿನ ತೊಲೆಗಳ ಮಾತಿಗೂ ಇದೇ ಎಚ್ಚರ ಬೇಕು: ಅಲ್ಲಿನ ಲೆಕ್ಕದ ಆರನೆಯದು ನಮ್ಮ ಐದನೇ ಮಹಡಿ. ಮೂಲ ಎತ್ತರ 138 ಅಡಿ. 1891ರಲ್ಲಿ ಎರಡು ಅಂತಸ್ತು ಕೂಡಿಸಿದ ಮೇಲೆ 180 ಅಡಿ.

‘ಧ್ವಂಸ’ದಲ್ಲಿ ದಾಳಿಯ, ಹಗೆಯ ಅರ್ಥ ಇದೆ. ಲಸಾಲ್ ಮತ್ತು ಆಡಮ್ಸ್ ಬೀದಿಗಳ ಮೂಲೆಯ ಆ ಜಾಗದಲ್ಲಿ ಫೀಲ್ಡ್ ಕಟ್ಟಡ ಎಬ್ಬಿಸಲು ಮಾಲೀಕರೇ ಇದನ್ನು ತೆಗೆಸಿದರು. ಹೊಸದು 1934ರಲ್ಲಿ ಮುಗಿಯಿತು. ‘ಕೆಡವಿದರು’ ಸಾಕು. ಕೆಡವುವ ಕೆಲಸದ ಜೊತೆಗೇ ಪರಿಶೀಲನೆ ನಡೆಯಿತು ಎಂದು ಹೇಳುವಲ್ಲಿ ‘ಕಳಚಿದರು’ ಇನ್ನೂ ಚೆನ್ನ. ವಾಸ್ತುಶಿಲ್ಪಿ ಥಾಮಸ್ ಟಾಲ್ಮೇಜ್ ಅವರ ಮುಂದಾಳತ್ವದ ಸಮಿತಿ, ಕಟ್ಟಡ ಕಳಚಿಕೊಳ್ಳುತ್ತಿದ್ದಂತೆ ಅದರ ಒಳರಚನೆ ನೋಡಿ, ಇದೇ ಮೊದಲ ಗಗನಚುಂಬಿ ಎಂದು ತೀರ್ಪಿತ್ತಿತು. ಪಠ್ಯಪುಸ್ತಕಗಳ ‘ಮೊದಲ’ ಗಟ್ಟಿಯಾದದ್ದು ಅದರಿಂದಲೇ. ಆ ತೀರ್ಪನ್ನು ಆಗಲೇ ಒಪ್ಪದ ಎಂಜಿನಿಯರುಗಳಿದ್ದರು, ಮುಂದಿನ ಸಂಶೋಧಕರೂ ಒಪ್ಪಿಲ್ಲ. ಲೋಹದ ಹಂದರವೇ ಅಳತೆಗೋಲಾದರೆ ಇಂಗ್ಲೆಂಡಿನ ಶ್ರೂಸ್‌ಬರಿಯ 1797ರ ನಾರುಗಿರಣಿಯ ಒಳಗೆ ಕಬ್ಬಿಣದ ಕಂಬ, ತೊಲೆಗಳಿದ್ದವು. ಪೂರ್ತಿ ಉಕ್ಕಿನ ಹಂದರವೇ ಬೇಕೆಂದರೆ ಶಿಕಾಗೊದ ರ‍್ಯಾಂಡ್ ಮೆಕ್‌ನ್ಯಾಲಿ ಕಟ್ಟಡ ಬಂದದ್ದು 1890ರಲ್ಲಿ. ಅದನ್ನೂ 1911ರಲ್ಲಿ ಕೆಡವಿದರು. ಆದ್ದರಿಂದ ‘ಮೊದಲ’ ಎಂಬಲ್ಲಿ ‘ಮೊದಮೊದಲ ಗಗನಚುಂಬಿಗಳಲ್ಲಿ ಒಂದು’ ಎಂದು ಬರೆದರೆ ನ್ಯಾಯ. ಮಕ್ಕಳಿಗೆ ಬರೆಯುವಾಗಲಂತೂ ಈ ತಿದ್ದುಪಡಿ ಆಗಲೇಬೇಕು, ಅವರು ಅದನ್ನೇ ಪರೀಕ್ಷೆಯಲ್ಲಿ ಬರೆಯುತ್ತಾರೆ.

‘ಗಗನಚುಂಬಿ’ ಬಳಕೆಯಲ್ಲಿ ನೆಲೆನಿಂತಿದೆ, ಬದಲಿಸುವ ಅಗತ್ಯವಿಲ್ಲ. ಕುತೂಹಲಕ್ಕೆ ಹೇಳುವುದಾದರೆ, ಸ್ಕೈಸ್ಕ್ರೇಪರ್ ಎಂಬುದು ಮೊದಲು ಹಾಯಿಹಡಗಿನ ತುತ್ತತುದಿಯ ಪುಟ್ಟ ಹಾಯಿಯ ಹೆಸರು. ಕಟ್ಟಡಕ್ಕೆ ಅಂಟಿಕೊಂಡದ್ದು 1880ರ ದಶಕದಲ್ಲಿ. ಮೋಡವನ್ನು ಕೆರೆಯುವಂಥದ್ದು ಎಂಬ ಅರ್ಥದ ‘ಅಭ್ರಂಕಷ’, ಮೋಡವನ್ನು ನೆಕ್ಕುವಂಥದ್ದು ಎಂಬ ಅರ್ಥದ ‘ಅಭ್ರಂಲಿಹ’ ಎರಡನ್ನೂ ಸಾಧಿಸುವ ಸೂತ್ರಗಳು ಪಾಣಿನಿಯಲ್ಲಿವೆ. ಅಲಕಾಪುರಿಯ ಉಪ್ಪರಿಗೆಗಳನ್ನು ಕಾಳಿದಾಸ ಬಣ್ಣಿಸುವುದು ‘ಅಭ್ರಂಲಿಹಾಗ್ರ’ ಎಂದೇ. ಪದ ಸೊಗಸಾಗಿದೆ, ಆದರೆ ಹೈಸ್ಕೂಲಿನ ಬರಹಕ್ಕೆ ಹೊರೆ.

ನಿಮ್ಮ ಸಾಲನ್ನು ಹೀಗೆ ತಿದ್ದಬಹುದು: “1885ರಲ್ಲಿ ಕಟ್ಟಿ 1931ರಲ್ಲಿ ಕೆಡವಿದ ಈ ಹತ್ತು ಅಂತಸ್ತಿನ ಕಟ್ಟಡ ಮೊದಮೊದಲ ಗಗನಚುಂಬಿಗಳಲ್ಲಿ ಒಂದು. ಬೀದಿ ಬದಿಯ ಗೋಡೆಗಳು ಅಂತಸ್ತು ಅಂತಸ್ತಿಗೂ ಲೋಹದ ಹಂದರದ ಮೇಲೆ ಕೂತಿದ್ದವು. ಬುಡದ ಗ್ರಾನೈಟ್ ಕಂಬಗಳೂ ಪಕ್ಕದ ಇಟ್ಟಿಗೆ ಗೋಡೆಗಳೂ ಭಾರದಲ್ಲಿ ಪಾಲು ಹೊತ್ತಿದ್ದವು.”

ಚಿತ್ರ ಹಾಕುವಾಗ ಅಂತಸ್ತು ಎಣಿಸಿ ನೋಡಿ. 1891ರ ನಂತರದ ಫೋಟೊಗಳಲ್ಲಿ ಹನ್ನೆರಡು ಕಾಣುತ್ತವೆ. ಕೆಳಗೆ ‘ಹತ್ತು ಅಂತಸ್ತಿನ ಕಟ್ಟಡ’ ಎಂದು ಅಡಿಬರಹ ಕೊಟ್ಟರೆ ಎಣಿಸುವ ಮಕ್ಕಳು ಖಂಡಿತ ಕೇಳುತ್ತಾರೆ; ‘ಎರಡು ಅಂತಸ್ತು ಕೂಡಿಸಿದ ಮೇಲೆ’ ಎಂದು ಸೇರಿಸಿಬಿಡಿ.