ಸಹಾಯ ಬೇಕು: ಇಂಜಿನ್ ಕಟ್ಟಿದ ಮೇಲೆ ಯೆಜ್ಡಿ 250 ಬಿಸಿಯಾದಾಗ ಆರ್‌ಪಿಎಂ ಇಳಿಯುತ್ತಿಲ್ಲ

ಪಾಯಿಂಟ್ ಇಗ್ನಿಷನ್ (ಯಾಂತ್ರಿಕ ಸ್ವಿಚ್‌ನಿಂದ ಪ್ಲಗ್‌ಗೆ ಕಿಡಿ ಕೊಡುವ ವ್ಯವಸ್ಥೆ) ಇರುವ ಹಳೆಯ ಟೂ-ಸ್ಟ್ರೋಕ್ ಬೈಕ್ ಯೆಜ್ಡಿ. ಸಿಲಿಂಡರ್ ಬೋರ್ ಮಾಡಿಸಿ (ಒಳಗೆ ಕೊರೆಸಿ) ಓವರ್‌ಸೈಜ್ ಪಿಸ್ಟನ್, ಹೊಸ ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಬೇರಿಂಗ್, ಎರಡೂ ಕಡೆ ಆಯಿಲ್ ಸೀಲ್ ಹಾಕಿದೆ. ಲೀಟರ್ ಪೆಟ್ರೋಲ್‌ಗೆ 40 ಎಂಎಲ್ 2ಟಿ (ಟೂ-ಸ್ಟ್ರೋಕ್) ಆಯಿಲ್.

ತಣ್ಣಗಿದ್ದಾಗ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ತಾನಾಗಿ ರೇಸ್ ಆಗುತ್ತದೆ. ಚೋಕ್ ಎಳೆದರೆ ಇಳಿಯುತ್ತದೆ. ಪ್ಲಗ್ ತುದಿ ಬಿಳಿ. ಅಂದರೆ ಎಲ್ಲಿಂದಲೋ ಹೆಚ್ಚುವರಿ ಗಾಳಿ ಎಳೆದು ಪೆಟ್ರೋಲ್ ಪ್ರಮಾಣ ಕಡಿಮೆಯಾಗುತ್ತಿದೆ, ಇದನ್ನು ಹೀಗೇ ಓಡಿಸಿದರೆ ಹೊಸ ಪಿಸ್ಟನ್ ಸೀಜ್ ಆಗುವುದು (ಬಿಸಿಗೆ ಸಿಲಿಂಡರ್‌ನಲ್ಲಿ ಸಿಕ್ಕಿಕೊಳ್ಳುವುದು) ಖಂಡಿತ.

ಪಾಯಿಂಟ್ ಗ್ಯಾಪ್ 0.4 ಮಿ.ಮೀ., ಪ್ಲಗ್ 0.6. ಕೇಬಲ್ ಬಿಗಿಯಿಲ್ಲ, ಕಾರ್ಬುರೇಟರ್ ಸ್ಲೈಡ್ (ಗಾಳಿಯ ದಾರಿ ತೆರೆದು ಮುಚ್ಚುವ ಭಾಗ) ಪೂರ್ತಿ ಕೂರುತ್ತದೆ. ಪೈಲಟ್ ಜೆಟ್ (ಐಡಲ್‌ನಲ್ಲಿ ಪೆಟ್ರೋಲ್ ಕೊಡುವ ಸಣ್ಣ ರಂಧ್ರ) ಸ್ವಚ್ಛ. ಕಾರ್ಬುರೇಟರ್ ಫ್ಲ್ಯಾಂಜ್ (ಇಂಜಿನ್‌ಗೆ ಕೂರುವ ಚಪ್ಪಟೆ ಮುಖ) ಗಾಜಿನ ಮೇಲೆ ಉಜ್ಜಿ ಮಟ್ಟ ಮಾಡಿ ಹೊಸ ಗ್ಯಾಸ್ಕೆಟ್ ಹಾಕಿದರೂ ವ್ಯತ್ಯಾಸವಿಲ್ಲ.

ಎಡಗಡೆ ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಹೋಗಿದ್ದರೆ ಗೇರ್ ಆಯಿಲ್ ಎಳೆದು ದಟ್ಟ ಬಿಳಿ ಹೊಗೆ ಬರಬೇಕಿತ್ತು. ಹೊಗೆಯೂ ಇಲ್ಲ, ಆಯಿಲ್ ಮಟ್ಟವೂ ಇಳಿದಿಲ್ಲ. ಹಾಗಾಗಿ ಅನುಮಾನ ಬಲಗಡೆ ಡೈನಮೊ ಬದಿಯ ಸೀಲ್ ಮೇಲೆ, ಇಲ್ಲವೇ ಸಿಲಿಂಡರ್ ಬೇಸ್ ಗ್ಯಾಸ್ಕೆಟ್ ಮೇಲೆ.

ಬಲಗಡೆ ಸೀಲನ್ನು ಇಂಜಿನ್ ಕೇಸ್ ಬಿಚ್ಚದೆ ಬದಲಿಸಿದವರಿದ್ದೀರಾ? ಇನ್‌ಟೇಕ್, ಎರಡೂ ಸೈಲೆನ್ಸರ್ ಪೋರ್ಟ್ ಮುಚ್ಚಿ ಸೋಪು ನೀರಿನಿಂದ ಪ್ರೆಶರ್ ಟೆಸ್ಟ್ ಮಾಡಬೇಕೆಂದಿದ್ದೇನೆ. ಸೈಲೆನ್ಸರ್ ಪೋರ್ಟ್ ಗಾಳಿಯಾಡದಂತೆ ಮುಚ್ಚಲು ಏನು ಬಳಸುತ್ತೀರಿ, ದಯವಿಟ್ಟು ತಿಳಿಸಿ.